ಏಳನೆಯ ಪುಟದಲ್ಲಿ ನಿಂತ ಓದು

ಮೂಡುಬಿದಿರೆ
೧೨ ಸೆಪ್ಟೆಂಬರ್ ೨೦೨೪

ಪ್ರೀತಿಯ ನಝೀಲಾ,

ಹೆದರಬೇಡ, ನಾನು ಸತ್ತಿಲ್ಲ. ಕೆಲಸ ಹೇಳಲು ಬರೆಯುತ್ತಿದ್ದೇನೆ. ಮೊನ್ನೆ ಮೀನು ಮಾರ್ಕೆಟಿನಲ್ಲಿ ನಿನ್ನ ಉಮ್ಮ ಜಮೀಲಮ್ಮ ಸಿಕ್ಕಿದರು. ನೀನು ಬಹರೈನಿನಲ್ಲಿ ದೊಡ್ಡ ಆಫೀಸಿನಲ್ಲಿ ದಾಖಲೆಪತ್ರ ನೋಡಿಕೊಳ್ಳುವ ಕೆಲಸದಲ್ಲಿದ್ದೀ ಎಂದು ಬಂಗುಡೆ ಆರಿಸುತ್ತಲೇ ಹೇಳಿದರು. ನನ್ನ ಶಿಷ್ಯೆ ಎಂದು ನಾನೂ ಮೀನಿನವಳಿಗೆ ಕೇಳುವ ಹಾಗೆ ಹೇಳಿಕೊಂಡೆ.

ಈ ಪತ್ರ ತರುವ ಫ್ಲೆನ್ಸಿ ನನ್ನ ಅಕ್ಕನ ಮಗಳು, ಅಲ್ಲೇ ನರ್ಸ್. ಅಂಚೆಯನ್ನು ನಂಬಿದರೆ ಪತ್ರ ನನ್ನ ಮರಣದ ತಿಂಗಳ ಪೂಜೆಗೆ ತಲುಪೀತು. ನೀನೂ ಊರಿಗೆ ಬರುವವರ ಕೈಯಲ್ಲೇ ಉತ್ತರ ಕಳುಹಿಸು. ಮೊಬೈಲಿನಲ್ಲಿ ಬೇಡ. ಅದರಲ್ಲಿ ನಿನ್ನ ಕೈಬರಹ ಕಾಣುವುದಿಲ್ಲ, ಕೈಬರಹ ಕಾಣದಿದ್ದರೆ ನೀನು ಸುಳ್ಳು ಹೇಳುತ್ತಿದ್ದೀಯೋ ಎಂದು ನನಗೆ ಗೊತ್ತಾಗುವುದಿಲ್ಲ.

ವಿಷಯಕ್ಕೆ ಬರುತ್ತೇನೆ. ಇಲ್ಲಿ ನಿವೃತ್ತ ಟೀಚರುಗಳ ಒಂದು ಓದುಗ ಬಳಗ ಉಂಟು. ಚೀಟಿ ಎತ್ತಿ ವಿಷಯ ಹಂಚಿಕೊಳ್ಳುತ್ತೇವೆ. ಒಬ್ಬಳಿಗೆ ಕರಾವಳಿಯ ಗಾದೆಗಳು ಬಂತು, ಇನ್ನೊಬ್ಬಳಿಗೆ ಮಕ್ಕಳ ಪದ್ಯ. ನನ್ನ ಚೀಟಿ ಬಿಚ್ಚಿದರೆ ‘ಚೀನೀ ಮತ್ತು ಯಹೂದಿ ಸಾಹಿತ್ಯ ಪರಂಪರೆಗಳಲ್ಲಿ ಸಾಮಾಜಿಕ ಹೋರಾಟ’. ಬರೆದವರು ಯಾರೆಂದು ಈವರೆಗೆ ಯಾರೂ ಒಪ್ಪಿಲ್ಲ. ಬದಲಿಸಿಕೊಳ್ಳಿ ಎಂದರು. ಮೂವತ್ತಾರು ವರ್ಷ ಪಾಠ ಮಾಡಿದವಳು ಚೀಟಿಗೆ ಹೆದರುವುದಾ?

ಎರಡು ತಿಂಗಳಿನಿಂದ ಕಾಲೇಜಿನ ಲೈಬ್ರರಿಯಲ್ಲಿ ಕುಳಿತಿದ್ದೇನೆ, ಈಗ ಎದ್ದು ಬರಲು ಮನಸ್ಸಾಗುವುದಿಲ್ಲ. ಸುಮಾರು ನೂರು ವರ್ಷದ ಹಿಂದೆ ಚೀನೀ ಲೇಖಕರು ಪಂಡಿತರ ಭಾಷೆ ಬಿಟ್ಟು ಬೀದಿಯ ಮಾತಿನಲ್ಲಿ ಬರೆಯತೊಡಗಿದರಂತೆ, ಕೂಲಿಯವನ ಕಷ್ಟ ಕೂಲಿಯವನಿಗೇ ಅರ್ಥವಾಗಲಿ ಎಂದು. ಅದೇ ಸುಮಾರಿಗೆ ಯುರೋಪಿನ ಯಹೂದಿ ಲೇಖಕರು ಪ್ರಾರ್ಥನೆಯ ಭಾಷೆ ಬದಿಗಿಟ್ಟು ಅಡುಗೆಮನೆಯ ಭಾಷೆಯಲ್ಲಿ ದರ್ಜಿಗಳ, ಕಾರ್ಖಾನೆಯ ಹೆಂಗಸರ ಹಾಡು ಕಟ್ಟಿದರಂತೆ. ಒಬ್ಬರ ಮುಖ ಒಬ್ಬರು ನೋಡಿದವರಲ್ಲ. ಇದು ಹೇಗೆ ಆಯಿತು ಎಂದು ನನಗೆ ನಿದ್ದೆಯಿಲ್ಲ.

ಪುಸ್ತಕದಲ್ಲಿ ಇರುವುದು ಸತ್ತವರು. ನಿನ್ನ ದ್ವೀಪದಲ್ಲಿ ಎಲ್ಲ ದೇಶದವರೂ ಇದ್ದಾರಲ್ಲ, ಬದುಕಿರುವ ಒಬ್ಬ ಚೀನೀಯರನ್ನೋ ಯಹೂದಿಯನ್ನೋ ಹಿಡಿದು ಕೇಳು, ಅನ್ಯಾಯವಾದಾಗ ಅವರ ಹಿರಿಯರು ಹೇಗೆ ಹೇಳಿಕೊಳ್ಳುತ್ತಿದ್ದರು ಎಂದು. ನಿನಗೆ ಆಗುತ್ತದೆ. ಒಂಬತ್ತನೆಯ ತರಗತಿಯಲ್ಲೇ ಹುಡುಗಿಯರಿಗೆ ಶೌಚಾಲಯ ಬೇಕು ಎಂದು ಅರುವತ್ತಮೂರು ಸಹಿ ಹಾಕಿಸಿ ಅರ್ಜಿ ಬರೆದವಳು ನೀನು.

ನಿನ್ನ,
ಕ್ಲೊಟಿಲ್ಡಾ ಟೀಚರ್


ಮುಹರ್ರಕ್
೪ ಅಕ್ಟೋಬರ್ ೨೦೨೪

ಪ್ರೀತಿಯ ಟೀಚರ್,

ನಿಮ್ಮ ಅಕ್ಷರ ನೋಡಿದ ಕೂಡಲೇ ಬೆನ್ನು ನೇರ ಮಾಡಿ ಕುಳಿತೆ. ನನಗೀಗ ಮೂವತ್ತೇಳು.

ಇವತ್ತು ಶುಕ್ರವಾರ. ನನ್ನ ಗಂಡ ರಮೀಝ್ ಏರ್‌ಪೋರ್ಟಿನ ಕಾರ್ಗೋದಲ್ಲಿ ಕೆಲಸ ಮಾಡುವವರು, ಅವರಿಗೂ ರಜೆ ಇತ್ತು. ಮುಹರ್ರಕ್ ದಾಟಿ ಹೋದರೆ ಚೀನೀ ಅಂಗಡಿಗಳ ದೊಡ್ಡದೊಂದು ಮಾಲ್ ಇದೆ, ಅಲ್ಲಿಗೆ ಕರೆದುಕೊಂಡು ಹೋದರು. ದೀಪದ ಅಂಗಡಿಯ ಹೆಂಗಸಿನ ಹತ್ತಿರ ಕೇಳಿದೆ. ಅವರು ಮೊಬೈಲಿಗೆ ಚೀನೀ ಭಾಷೆಯಲ್ಲಿ ಹೇಳಿದರು, ಅದು ನನಗೆ ಇಂಗ್ಲಿಷಿನಲ್ಲಿ ಹೇಳಿತು. ಮೊದಲು ನಾನು ವಿಮೆ ಮಾರುವವಳೆಂದು ತಿಳಿದಿದ್ದರು. ಆಮೇಲೆ ನಕ್ಕು, “ಡೋಲು” ಅಂದರು. ಹಳೆಯ ಕಾಲದಲ್ಲಿ ಅರಸನ ಬಾಗಿಲಲ್ಲಿ ದೊಡ್ಡ ಡೋಲು ಇಡುತ್ತಿದ್ದರಂತೆ. ಅನ್ಯಾಯವಾದವರು ಯಾರು ಬೇಕಾದರೂ ಹೋಗಿ ಬಾರಿಸಬಹುದು, ಬಾರಿಸಿದರೆ ಒಳಗಿನವರು ಕೇಳಲೇಬೇಕು. ಅವರು ನೋಡುವ ಧಾರಾವಾಹಿಗಳಲ್ಲಿ ಎರಡು ಕಂತಿಗೊಮ್ಮೆ ಯಾರಾದರೂ ಬಾರಿಸುತ್ತಾರಂತೆ. “ನೀವು ಇಲ್ಲಿ ಏನಾದರೂ ಬಾರಿಸಿದ್ದುಂಟಾ?” ಎಂದು ಕೇಳಿದೆ. ಇಲ್ಲವೆಂದು ತಲೆ ಆಡಿಸಿ ಮೊಬೈಲ್ ಕೆಳಗಿಟ್ಟರು. ರಮೀಝ್ ಸುಮ್ಮನೆ ನಿಲ್ಲಲಾರದೆ ಒಂದು ಟೇಬಲ್ ಲ್ಯಾಂಪ್ ಕೊಂಡರು.

ಯಹೂದಿಯೂ ಸಿಕ್ಕಿದ್ದಾರೆ. ನಮ್ಮ ಆಫೀಸು ಸೀಫ್ ಎಂಬ ಬಡಾವಣೆಯಲ್ಲಿ. ಅದೇ ಮಹಡಿಯಲ್ಲಿ ಒಂದು ಆಡಿಟ್ ಕಂಪನಿ ಉಂಟು, ಅಲ್ಲಿನ ಆರನ್ ಸರ್ ಮುಂಬೈ ಕಡೆಯವರು, ಮನೆಮಾತು ಮರಾಠಿ. ಏಳು ವರ್ಷದಿಂದ ಒಂದೇ ಲಿಫ್ಟಿನಲ್ಲಿ ಹೋಗುತ್ತಿದ್ದೇವೆ, ಅವರು ಕ್ರೈಸ್ತರೆಂದು ನಾನು ತಿಳಿದಿದ್ದೆ. ಕೇಳಿದರೆ, “ಬೇಟಿ, ಏಳು ವರ್ಷದಲ್ಲಿ ಹವೆ ಬಿಟ್ಟು ಬೇರೆ ಏನಾದರೂ ಕೇಳಿದವಳು ನೀನು ಮೊದಲು” ಅಂದರು. ಯೋಚಿಸಿ ಹೇಳುತ್ತಾರಂತೆ.

ನನ್ನ ಕೆಲಸದಲ್ಲಿ ಹೇಳುವಂಥದ್ದೇನೂ ಇಲ್ಲ. ಕ್ಯಾಟರಿಂಗ್ ಕಂಪನಿ. ಕೆಲಸದವರ ವೀಸಾ, ಇಲ್ಲಿನ ಗುರುತುಚೀಟಿ, ಕಾಗದಪತ್ರ.

ಆ ಅರ್ಜಿ ನಿಮಗೆ ಇನ್ನೂ ನೆನಪುಂಟಾ? ವಾರ್ಷಿಕೋತ್ಸವದಲ್ಲಿ ನೀವು ಶಾಲೆಯ ವರದಿ ಓದುವಾಗ ನಾನು ಎರಡನೆಯ ಸಾಲಿನಲ್ಲಿ ಈಗ ಬರುತ್ತದೆ, ಈಗ ಬರುತ್ತದೆ ಎಂದು ಕಾದು ಕುಳಿತಿದ್ದೆ. ಹೆಡ್ಮಾಸ್ಟರು ಬಿಡಲಿಲ್ಲ ಅಲ್ಲವಾ.

ನಿಮ್ಮ,
ನಝೀಲಾ


ಮೂಡುಬಿದಿರೆ
೨೧ ಅಕ್ಟೋಬರ್ ೨೦೨೪

ಪ್ರೀತಿಯ ನಝೀಲಾ,

ನಿನ್ನ ಪತ್ರವನ್ನು ಮೂರು ಸಲ ಓದಿದೆ, ಮೂರನೆಯ ಸಲ ಕೆಂಪು ಪೆನ್ನು ಹಿಡಿದು. ಹಳೆಯ ಚಾಳಿ. ತಪ್ಪು ಎರಡೇ ಸಿಕ್ಕಿತು, ಬೇಸರವಾಯಿತು.

ಡೋಲಿನ ವಿಷಯ ನಿಜ, ಪುಸ್ತಕದಲ್ಲೂ ಉಂಟು. ಆದರೆ ಅದಕ್ಕಿಂತ ಹಳೆಯದು, ನನಗೆ ಅದಕ್ಕಿಂತ ಇಷ್ಟವಾದದ್ದು ಕೇಳು. ಬಹಳ ಹಿಂದೆ ಅಲ್ಲಿ ವಸಂತಕಾಲದಲ್ಲಿ ಅಧಿಕಾರಿಗಳು ಮರದ ನಾಲಗೆಯ ಗಂಟೆ ಬಾರಿಸಿಕೊಂಡು ಊರೂರು ತಿರುಗುತ್ತಿದ್ದರಂತೆ. ತೆರಿಗೆಗಲ್ಲ, ಹಾಡು ಕೇಳಿ ಬರೆದುಕೊಳ್ಳಲಿಕ್ಕೆ. ಗದ್ದೆಯ ಹೆಂಗಸು ಏನು ಹಾಡುತ್ತಾಳೆ ಎಂದು ಗೊತ್ತಾದರೆ ತನ್ನ ಆಡಳಿತ ಹೇಗಿದೆ ಎಂದು ಅರಸನಿಗೆ ಗೊತ್ತಾಗುತ್ತದೆ. ಡೋಲು ಬಾರಿಸಲು ಧೈರ್ಯ ಬೇಕು. ಹಾಡಲು ಬೇಡ, ಅದು ತಾನಾಗಿ ಬರುತ್ತದೆ. ಆ ಹಾಡುಗಳೇ ಅವರ ಸಾಹಿತ್ಯದ ಬುಡ ಎನ್ನುತ್ತಾರೆ. ಬುಡದಲ್ಲೇ ದೂರು ಉಂಟು, ನೋಡು.

ಓದುತ್ತಾ ನಿನ್ನ ನೆನಪಾಯಿತು. ಕೆಲಸದವರ ಕಾಗದಪತ್ರ ನೋಡುವವಳು ಎಂದರೆ ಅವರ ಕಷ್ಟಸುಖ ಮೊದಲು ಬರುವುದು ನಿನ್ನ ಮೇಜಿಗೆ ತಾನೆ? ಹಾಗಾದರೆ ಗಂಟೆ ಹಿಡಿದ ಅಧಿಕಾರಿ ನೀನೇ. ನಿನ್ನ ಅಡುಗೆಯವರು ಕೆಲಸ ಮಾಡುವಾಗ ಏನು ಹಾಡುತ್ತಾರೆ? ಒಂದಾದರೂ ಬರೆದು ಕಳುಹಿಸು. ಸಿನಿಮಾದ್ದು ಬೇಡ.

ಟೀಚರ್


ಮುಹರ್ರಕ್
೧೫ ನವೆಂಬರ್ ೨೦೨೪

ಪ್ರೀತಿಯ ಟೀಚರ್,

ಆರನ್ ಸರ್ ಮೊನ್ನೆ ಕ್ಯಾಂಟೀನಿನಲ್ಲಿ ನನ್ನ ಎದುರು ಬಂದು ಕುಳಿತು, ಪರೀಕ್ಷೆಗೆ ಓದಿಕೊಂಡು ಬಂದವರ ಹಾಗೆ ಶುರುಮಾಡಿದರು. ಶನಿವಾರ ಅವರ ಸಭಾಮಂದಿರದಲ್ಲಿ ಧರ್ಮಗ್ರಂಥದ ಸುರುಳಿ ಬಿಚ್ಚಿ ಓದುತ್ತಾರಲ್ಲ, ಹಿಂದೆ ಯುರೋಪಿನ ಊರುಗಳಲ್ಲಿ ಯಾರಿಗಾದರೂ ಅನ್ಯಾಯವಾಗಿದ್ದರೆ ಅವರು ಎದ್ದು ಆ ಓದನ್ನೇ ನಿಲ್ಲಿಸಬಹುದಿತ್ತಂತೆ. ಅವರ ದೂರಿಗೆ ಏನಾದರೂ ದಾರಿ ಕಾಣುವವರೆಗೆ ಓದು ಮುಂದುವರಿಯುವಂತಿಲ್ಲ. ಇಡೀ ಊರು ಕಾಯಬೇಕು. “ನಮ್ಮ ಕೊಂಕಣದ ಕಡೆ ಇತ್ತೋ ಇಲ್ಲವೋ ಗೊತ್ತಿಲ್ಲ, ನಾನು ಕೇಳಿದ್ದು ಮುಂಬೈಗೆ ಬಂದ ಒಬ್ಬ ಗುರುವಿನಿಂದ” ಎಂದರು.

“ದೇವರ ಮಾತನ್ನೇ ತಡೆಯುವುದಾ?” ಎಂದು ಕೇಳಿದೆ.

“ದೇವರಿಗೆ ಕಾಯಲು ಆಗುತ್ತದೆ ಬೇಟಿ, ವಿಧವೆಗೆ ಆಗುವುದಿಲ್ಲ.”

ಅವರ ಕಥೆಗಳಲ್ಲಿ ದೇವರ ಮೇಲೆಯೇ ದಾವೆ ಹಾಕಿದ ಗುರುಗಳೂ ಇದ್ದಾರಂತೆ. ಒಂದು ಊರನ್ನು ಉಳಿಸಲು ದೇವರ ಹತ್ತಿರ ವಾದ ಮಾಡಿದ ಇಬ್ರಾಹಿಂ ನೆಬಿಯ ಕಥೆ ನಮ್ಮ ಮದ್ರಸದಲ್ಲೂ ಹೇಳಿದ್ದರು ಎಂದೆ. ಅವರಿಗೆ ಖುಷಿಯಾಯಿತು, ತನ್ನ ಪಾಲಿನ ಸಮೋಸ ನನ್ನ ತಟ್ಟೆಗೆ ಹಾಕಿದರು.

ಹಾಡಿನ ವಿಷಯ. ಕಂಪನಿಯ ದೊಡ್ಡ ಅಡುಗೆಮನೆ ಮುಹರ್ರಕ್‌ನಲ್ಲೇ ಇರುವುದು. ಅಲ್ಲಿ ಲೀಲಾಕ್ಷಕ್ಕ ಇದ್ದಾರೆ, ಬೆಳ್ಮಣ್ಣಿನವರು, ಗಂಡ ತೀರಿಹೋಗಿದ್ದಾರೆ. ದಿನಕ್ಕೆ ಎರಡು ಗೋಣಿ ನೀರುಳ್ಳಿ ಕೊಚ್ಚುತ್ತಾರೆ. ನಾಟಿಯ ಹಾಡಿನ ಧಾಟಿಗೆ ತಾವೇ ತುಳುವಿನಲ್ಲಿ ಮಾತು ಸೇರಿಸಿ ಹಾಡುತ್ತಾರೆ. ಕನ್ನಡದಲ್ಲಿ ಅರ್ಥ ಇಷ್ಟು:

ನೀರುಳ್ಳಿ ಕೊಚ್ಚಿ ಅಳುತ್ತೇನೆ, ನೀರುಳ್ಳಿಗೆ ಬೈಯಬೇಡಿ.
ಮಗಳ ತಲೆಗೆ ಎಣ್ಣೆ ಇಡುವ ಕೈ, ಮಂದಿಯ ಮದುವೆಗೆ ಗಂಜಿ ಬಸಿಯುತ್ತದೆ.

ಮೂರನೆಯ ಸಾಲಿಗೆ ಬಂದಾಗ ಬಾಗಿಲಲ್ಲಿ ನನ್ನನ್ನು ನೋಡಿ ನಿಲ್ಲಿಸಿದರು. ಅವರ ಮಗಳಿಗೆ ಚೊಚ್ಚಲ ಹೆರಿಗೆ, ಫೆಬ್ರವರಿ ಮೊದಲ ವಾರದಲ್ಲಿ. ಬಾಣಂತನ ಮಾಡಲು ಮನೆಯಲ್ಲಿ ಬೇರೆ ಹೆಂಗಸರಿಲ್ಲ, ಮಗಳ ಅತ್ತೆ ಹಾಸಿಗೆ ಹಿಡಿದಿದ್ದಾರೆ. ಮಾರ್ಚಿನಲ್ಲಿ ಬರುವ ರಂಜಾನಿನ ಇಫ್ತಾರ್ ಆರ್ಡರುಗಳು ಮುಗಿಯದೆ ರಜೆ ಇಲ್ಲ ಎಂದು ಮುದಲಾಳಿ, ನಮ್ಮ ಕಂಪನಿಯ ಯಜಮಾನರು, ಹೇಳಿದ್ದಾರೆ. ಪಾಸ್‌ಪೋರ್ಟು ಆಫೀಸಿನಲ್ಲಿ ಉಂಟು.

ಹಾಡು ನಿಮಗೆ ಉಪಯೋಗವಾದೀತಾ?

ನಝೀಲಾ


ಮೂಡುಬಿದಿರೆ
೩೦ ನವೆಂಬರ್ ೨೦೨೪

ಪ್ರೀತಿಯ ನಝೀಲಾ,

ಉಪಯೋಗವಾದೀತಾ ಎಂದು ಕೇಳುತ್ತೀಯಲ್ಲ. ಮೊನ್ನೆ ಬಳಗದಲ್ಲಿ ನನ್ನ ಭಾಷಣ ಆಯಿತು. ಡೋಲು, ಗಂಟೆ, ನಿಂತ ಓದು ಎಲ್ಲ ಹೇಳಿ ಕೊನೆಗೆ ನಿನ್ನ ಲೀಲಾಕ್ಷಿಯ ಎರಡು ಸಾಲು ಓದಿದೆ. ಗಾದೆಯವಳು ಕನ್ನಡಕ ತೆಗೆದು ಒರೆಸಿದಳು. ಯಾರದೋ ಮೊಬೈಲಿನಿಂದ ಭಾಷಣದ ವೀಡಿಯೊ ಎಲ್ಲೆಲ್ಲಿಗೋ ಹೋಗಿ, ನಿನ್ನ ದ್ವೀಪದ ಒಬ್ಬ ದೊಡ್ಡ ಮನುಷ್ಯರು ಫೋನು ಮಾಡಿ, “ಇದನ್ನು ಪುಸ್ತಕ ಮಾಡಿ, ಅಚ್ಚಿನ ಖರ್ಚು ನನ್ನದು” ಎಂದರು. ಹೆಸರು ಈಗ ಹೇಳಬೇಡಿ ಎಂದಿದ್ದಾರೆ. ಅರುವತ್ತೆಂಟನೆಯ ವಯಸ್ಸಿನಲ್ಲಿ ನನ್ನ ಮೊದಲ ಪುಸ್ತಕ, ನಝೀಲಾ. ರಾತ್ರಿ ಎದ್ದು ದೀಪ ಹಾಕಿ ಮುಖಪುಟಕ್ಕೆ ನನ್ನ ಹೆಸರು ಬರೆದು ನೋಡಿದೆ. ನಗಬೇಡ.

ಒಂದು ಮಾತು ಮಾತ್ರ ಗಂಟಲಿಗೆ ಸಿಕ್ಕಿದ ಮುಳ್ಳಿನ ಹಾಗೆ ಉಂಟು. ‘ಪಾಸ್‌ಪೋರ್ಟು ಆಫೀಸಿನಲ್ಲಿ ಉಂಟು’ ಎಂದು ಬರೆದಿದ್ದೀ. ಆಫೀಸಿಗೆ ಕೈಯಿಲ್ಲ. ಯಾರ ಕೈಯಲ್ಲಿ ಉಂಟು? ಆ ಹೆಂಗಸು ಯಾರನ್ನು ಕೇಳಬೇಕು?

ಟೀಚರ್


ಮುಹರ್ರಕ್
೧೩ ಡಿಸೆಂಬರ್ ೨೦೨೪

ಟೀಚರ್,

ಪುಸ್ತಕದ ಸುದ್ದಿ ಕೇಳಿ ಸಂತೋಷವಾಯಿತು. ಇಲ್ಲಿ ಈಗ ಚಳಿ, ಆಫೀಸಿನಲ್ಲಿ ವರ್ಷದ ಕೊನೆಯ ಕೆಲಸ ತುಂಬಾ ಉಂಟು. ದೀಪದ ಅಂಗಡಿಯವರು ಊರಿಗೆ ಹೋದರಂತೆ. ರಮೀಝ್ ಕೊಂಡ ಲ್ಯಾಂಪ್ ಕೆಟ್ಟಿತು.

ಪಾಸ್‌ಪೋರ್ಟು ಕಪಾಟಿನಲ್ಲಿ ಇಡುವುದು ಇಲ್ಲಿ ಹಲವು ಕಡೆ ವಾಡಿಕೆ. ಜೋಪಾನಕ್ಕೆ.

ನಝೀಲಾ


ಮೂಡುಬಿದಿರೆ
೨೪ ಡಿಸೆಂಬರ್ ೨೦೨೪

ಪ್ರೀತಿಯ ನಝೀಲಾ,

ಇದೆಂಥ ಪತ್ರ ಮಾರಾಯ್ತಿ, ತಂತಿ ಕಳುಹಿಸಿದ ಹಾಗೆ. ಕೋಪ ಬಂದಿದ್ದರೆ ಹೇಳು. ಒಬ್ಬಳೇ ಹೋರಾಡಿ ಸುಸ್ತಾಗಿದ್ದೀ ಎಂದು ನಾನು ತಿಳಿದುಕೊಂಡಿದ್ದೇನೆ. ಆ ಕಪಾಟಿನ ಯಜಮಾನರ ಹತ್ತಿರ ಲೀಲಾಕ್ಷಿಯ ಪರವಾಗಿ ಮಾತಾಡಿ ಬೈಗುಳ ತಿಂದಿರಬೇಕು, ಅದನ್ನು ನನಗೆ ಹೇಳುವುದು ಬೇಡ ಎಂದು ನುಂಗಿಕೊಂಡಿದ್ದೀ. ನಿನ್ನ ಸ್ವಭಾವ ನನಗೆ ಗೊತ್ತಿಲ್ಲವಾ?

ಈಗ ಹೆಸರು ಹೇಳಬಹುದು. ಪುಸ್ತಕ ಅಚ್ಚು ಹಾಕಿಸುವವರು ಹರಿನಾಥರು, ನಿನ್ನ ಕಂಪನಿಯ ಮುದಲಾಳಿಯೇ. ಅಲ್ಲಿನ ಕನ್ನಡ ಬಳಗಕ್ಕೂ ಅವರೇ ಅಧ್ಯಕ್ಷರಂತೆ. ನೀನು ನನ್ನ ಶಿಷ್ಯೆ ಎಂದಾಗ ಅವರಿಗೆ ಬಹಳ ಸಂತೋಷವಾಯಿತು. “ನಝೀಲಾ ಇಲ್ಲದಿದ್ದರೆ ನನ್ನ ಆಫೀಸು ನಡೆಯುವುದಿಲ್ಲ” ಎಂದರು. ಅಷ್ಟು ಒಳ್ಳೆಯ ಮನುಷ್ಯರು ಇದ್ದೂ ಲೀಲಾಕ್ಷಿಯ ಪಾಸ್‌ಪೋರ್ಟು ಸಿಗುವುದಿಲ್ಲ ಎಂದರೆ ನಡುವೆ ಯಾರೋ ಸಣ್ಣ ಮನಸ್ಸಿನ ಗುಮಾಸ್ತ ಇರಬೇಕು. ನೀನು ನೇರ ಅವರಿಗೇ ಹೇಳು.

ಜನವರಿ ೨೪ರ ಶುಕ್ರವಾರ ಅಲ್ಲಿನ ಆ ಕನ್ನಡ ಬಳಗದ ವಾರ್ಷಿಕ ಸಭೆಯಲ್ಲಿ ಮುಖಪುಟ ಬಿಡುಗಡೆ. ಅಚ್ಚು ಆಮೇಲೆ. ನನ್ನ ಕಣ್ಣಿನ ಪೊರೆಯ ಆಪರೇಷನ್ ಇರುವುದರಿಂದ ಬರಲಾಗುವುದಿಲ್ಲ. ಪುಸ್ತಕದ ಮುನ್ನುಡಿಯನ್ನು ನೀನು ವೇದಿಕೆಯಲ್ಲಿ ಓದಬೇಕು. ಅದರಲ್ಲಿ ನಿನ್ನ ಬಗ್ಗೆಯೂ ಬರೆದಿದ್ದೇನೆ, ‘ಮರದ ನಾಲಗೆಯ ಗಂಟೆ ಹಿಡಿದು ಮರುಭೂಮಿಯಲ್ಲಿ ಹಾಡು ಕೇಳಿದವಳು’ ಎಂದು. ಫ್ಲೆನ್ಸಿಯ ಗೆಳತಿಯ ಕೈಯಲ್ಲಿ ಕುಸ್ವಾರ್ ಕಳುಹಿಸಿದ್ದೇನೆ. ಕ್ರಿಸ್ಮಸ್ ತಿಂಡಿ ಮೆತ್ತಗಾಗುವ ಮೊದಲು ತಿನ್ನಿ.

ಟೀಚರ್


ಮುಹರ್ರಕ್
೩ ಜನವರಿ ೨೦೨೫

ಟೀಚರ್,

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬ ಗಾದೆಯನ್ನು ನೀವೇ ಕಲಿಸಿದ್ದು. ಮೂರು ತಿಂಗಳಿನಿಂದ ಹೆಗಲು ಮುಟ್ಟಿಕೊಳ್ಳುತ್ತಾ ಇದ್ದೇನೆ. ಆ ಸಣ್ಣ ಮನಸ್ಸಿನ ಗುಮಾಸ್ತೆ ನಾನು.

ಕಪಾಟಿನ ಕೀ ನನ್ನ ಪರ್ಸಿನಲ್ಲಿ ಉಂಟು. ನಲವತ್ತೊಂದು ಪಾಸ್‌ಪೋರ್ಟುಗಳು. ಕೆಲಸದವರ ಪಾಸ್‌ಪೋರ್ಟನ್ನು ಕಂಪನಿ ಹೀಗೆ ಇಟ್ಟುಕೊಳ್ಳುವಂತಿಲ್ಲ, ಕಾನೂನು ಉಂಟು. ಅದಕ್ಕೇ ‘ನನ್ನ ಪಾಸ್‌ಪೋರ್ಟನ್ನು ಭದ್ರತೆಗಾಗಿ ನಾನೇ ಇಷ್ಟಪಟ್ಟು ಕಂಪನಿಗೆ ಒಪ್ಪಿಸಿದ್ದೇನೆ’ ಎಂದು ಇಂಗ್ಲಿಷಿನಲ್ಲಿ ಒಂದು ಕಾಗದ. ಐದು ವರ್ಷದ ಹಿಂದೆ ಅದನ್ನು ಟೈಪ್ ಮಾಡಿದವಳು ನಾನು. ಇಂಗ್ಲಿಷ್ ಓದಲು ಬಾರದವರಿಗೆ ಅರ್ಥ ಹೇಳಿದವಳೂ ನಾನೇ. “ಇದೇನಿಲ್ಲ, ಜೋಪಾನಕ್ಕೆ. ಬೇಕಾದಾಗ ಕೇಳಿದರಾಯಿತು” ಎಂದಿದ್ದೆ. ನಾನು ಹೇಳಿದೆನೆಂದು ಸಹಿ ಹಾಕಿದರು.

ಲೀಲಾಕ್ಷಕ್ಕ ಮೂರು ಸಲ ಕೇಳಿದರು. ಮೂರು ಸಲವೂ “ಸರ್ ಹತ್ತಿರ ಕೇಳಿ ಲೀಲಾಕ್ಷಕ್ಕ” ಎಂದೆ. ಕೀ ಪರ್ಸಿನಲ್ಲಿ ಇತ್ತು. ಕಪಾಟು ತೆಗೆದು ಅವರೊಬ್ಬರದ್ದು ಕೊಟ್ಟುಬಿಡುವುದು ಎರಡು ನಿಮಿಷದ ಕೆಲಸ. ಕೊಟ್ಟರೆ ರಿಜಿಸ್ಟರಿನಲ್ಲಿ ನನ್ನ ಸಹಿ, ಮರುದಿನ ನನ್ನ ಕೆಲಸವಿಲ್ಲ. ಮತ್ತೆ ಉಳಿದ ನಲವತ್ತು ಜನ ಹೊಸ ಗುಮಾಸ್ತೆಯ ಕೈಗೆ. ಹೀಗೆಲ್ಲ ನನಗೆ ನಾನೇ ಹೇಳಿಕೊಂಡೆ. ನಿಜವೇನೆಂದರೆ ಹೆದರಿಕೆ.

ಹರಿನಾಥ ಸರ್ ಕೆಟ್ಟವರಲ್ಲ ಟೀಚರ್. ಕೊರೋನಾ ಕಾಲದಲ್ಲಿ ಎಲ್ಲ ಬಂದ್ ಆದಾಗ ಒಬ್ಬರನ್ನೂ ಹಸಿವಿನಲ್ಲಿ ಬಿಡಲಿಲ್ಲ. ಒಂದು ವರ್ಷ ಇಬ್ಬರು ಅಡುಗೆಯವರು ರಂಜಾನಿನ ಮೊದಲು ಊರಿಗೆ ಹೋಗಿ ತಿರುಗಿ ಬರಲಿಲ್ಲ, ಅಂದಿನಿಂದ ಹೀಗೆ. ನಿಮ್ಮ ಭಾಷಣದಲ್ಲಿ ಲೀಲಾಕ್ಷಿ ಎಂಬ ಹೆಸರು ಕೇಳಿಯೂ ಅದು ತನ್ನ ಅಡುಗೆಮನೆಯ ಲೀಲಾಕ್ಷಿ ಎಂದು ಅವರಿಗೆ ಹೊಳೆದಿಲ್ಲ. “ಎಂಥ ಸಾಲು ಅಲ್ವಾ ನಝೀಲಾ” ಎಂದು ನನ್ನ ಹತ್ತಿರವೇ ಹೇಳಿದರು. ನಾನು ಹೌದು ಸರ್ ಎಂದೆ.

ಹಾಡಿನ ಮೂರನೆಯ ಸಾಲು ನನಗೆ ಗೊತ್ತು. ಸ್ಟೋರಿನ ಗೋಡೆಯಾಚೆಯಿಂದ ಕೇಳಿದ್ದೇನೆ. ‘ಕೀ ಗೊಂಚಲು ಹಿಡಿದವಳು ನನ್ನನ್ನು ಅಕ್ಕ ಎನ್ನುತ್ತಾಳೆ.’

ನನ್ನ ಹೆಸರನ್ನು ಮುನ್ನುಡಿಯಿಂದ ತೆಗೆದುಬಿಡಿ. ಓದಲು ಬೇರೆ ಯಾರಿಗಾದರೂ ಹೇಳಿ. ನಿಮ್ಮ ಪುಸ್ತಕ ಹಾಳಾಗುವುದು ನನಗೆ ಬೇಡ.

ನಝೀಲಾ


ಮೂಡುಬಿದಿರೆ
೧೪ ಜನವರಿ ೨೦೨೫

ನಝೀಲಾ ಮಗಾ,

ನಾಳೆ ಆಪರೇಷನ್, ಅದಕ್ಕೆ ಮೊದಲು ಬರೆದು ಮುಗಿಸುತ್ತೇನೆ. ಈ ಸಲ ಕೆಂಪು ಪೆನ್ನು ಮುಟ್ಟಲಿಲ್ಲ.

ನಿನ್ನ ಮೇಲೆ ಸಿಟ್ಟು ಬಂತು, ಇಲ್ಲ ಎಂದರೆ ಸುಳ್ಳಾಗುತ್ತದೆ. ಒಂದು ದಿನ ಪೂರ್ತಿ ಬಂತು. ಪುಸ್ತಕ ಹೋಯಿತಲ್ಲ ಎಂಬ ಸಂಕಟವೂ ಅದರಲ್ಲಿ ಸೇರಿತ್ತು, ಅದನ್ನೂ ಮುಚ್ಚಿಡುವುದಿಲ್ಲ. ಮರುದಿನ ಕಬ್ಬಿಣದ ಪೆಟ್ಟಿಗೆ ತೆಗೆದೆ. ಒಳಗಿದ್ದ ಕಾಗದವನ್ನು ಇದರೊಂದಿಗೆ ಇಟ್ಟಿದ್ದೇನೆ, ಗುರುತು ಸಿಗಬಹುದು. ನೀನು ಒಂಬತ್ತನೆಯಲ್ಲಿ ಬರೆದ ಅರ್ಜಿ. ಅರುವತ್ತಮೂರು ಸಹಿಯೂ ಉಂಟು.

ಹೆಡ್ಮಾಸ್ಟರು ತಡೆದರೆಂದು ನೀನು ತಿಳಿದಿದ್ದೀ. ಅವರಿಗೆ ಇದರ ಸುದ್ದಿಯೇ ಗೊತ್ತಿರಲಿಲ್ಲ. ವರದಿ ಓದಿದವಳು ನಾನು. ವೇದಿಕೆಯಲ್ಲಿ ಶಾಲೆಗೆ ಹೊಸ ಕೊಠಡಿ ಕಟ್ಟಿಸಿಕೊಟ್ಟವರು ಕುಳಿತಿದ್ದರು. ಅವರ ಎದುರು ಶೌಚಾಲಯದ ಮಾತು ಬೇಡ ಎಂದು ನಾನೇ ತೀರ್ಮಾನಿಸಿ ಅರ್ಜಿಯನ್ನು ವರದಿಯ ಅಡಿಗೆ ಸೇರಿಸಿದೆ. ಮನೆಗೆ ಬಂದು ಅದರಲ್ಲಿದ್ದ ಮೂರು ತಪ್ಪು ತಿದ್ದಿದೆ, ಕೆಂಪು ಶಾಯಿ ಇನ್ನೂ ಮಾಸಿಲ್ಲ ನೋಡು. ನಾನು ಮಾಡಿದ್ದು ಅಷ್ಟೇ. ಆಮೇಲೆ ಮೂರು ವರ್ಷ ಹುಡುಗಿಯರು ಗುಡ್ಡದ ಹಿಂದೆ ಹೋದರು. ಎರಡನೆಯ ಸಾಲಿನಲ್ಲಿ ನೀನು ಕಾದು ಕುಳಿತದ್ದು ನನಗೆ ಕಾಣುತ್ತಿತ್ತು.

ಚೀಟಿಯಲ್ಲಿ ಈ ವಿಷಯ ಬಂದಾಗ ಬದಲಿಸಿಕೊಳ್ಳದ್ದು ಜಂಬದಿಂದ ಎಂದು ಬರೆದಿದ್ದೆ. ಅದೊಂದೇ ಕಾರಣವಲ್ಲ.

ಹಾಡು ಬರೆದು ತರಲು ಹೋದ ಆ ಚೀನೀ ಅಧಿಕಾರಿಗೆ ತನ್ನ ಮೇಲೆಯೇ ಕಟ್ಟಿದ ಹಾಡು ಸಿಕ್ಕಿದರೆ ಏನು ಮಾಡುತ್ತಿದ್ದ? ಎಷ್ಟೋ ಹುಡುಕಿದೆ, ನಾನು ಓದಿದ ಪುಸ್ತಕಗಳಲ್ಲಿ ಇಲ್ಲ. ಸಾಲನ್ನು ಬಿಟ್ಟು ಬರೆದುಕೊಂಡವನೂ ಇದ್ದಾನು, ಹಾಗೆಯೇ ಅರಸನ ಮುಂದೆ ಹಾಡಿದವನೂ ಇದ್ದಾನು. ನನಗೆ ಎರಡನೆಯವನನ್ನು ನೋಡುವ ಆಸೆ.

ಮುನ್ನುಡಿ ಕಳುಹಿಸುತ್ತಿದ್ದೇನೆ, ಹನ್ನೊಂದು ಪುಟ. ನೀನೇ ಓದಬೇಕು. ನಿನ್ನ ಹೆಸರು ತೆಗೆದಿಲ್ಲ. ಏಳನೆಯ ಪುಟದಲ್ಲಿ ನಂಬರು ಮಾತ್ರ ಉಂಟು, ಒಂದು ಅಕ್ಷರವೂ ಬರೆದಿಲ್ಲ. ಅಲ್ಲಿಗೆ ಬಂದಾಗ ನಿಲ್ಲಬೇಕೋ, ಪುಟ ತಿರುಗಿಸಿ ಎಂಟಕ್ಕೆ ಹೋಗಬೇಕೋ, ಅದು ನಿನಗೆ ಬಿಟ್ಟದ್ದು. ತಿರುಗಿಸಿದರೂ ನಿನ್ನನ್ನು ಬೈಯಲು ನನಗೆ ಬಾಯಿಲ್ಲ. ಪುಸ್ತಕದ ಚಿಂತೆ ಬಿಡು. ಜೆರಾಕ್ಸ್ ಅಂಗಡಿ ಮನೆಯ ಎದುರೇ ಉಂಟು.

ನಿನ್ನ,
ಕ್ಲೊಟಿಲ್ಡಾ


ಮುಹರ್ರಕ್
೨೯ ಜನವರಿ ೨೦೨೫

ಪ್ರೀತಿಯ ಟೀಚರ್,

ಕಣ್ಣು ಹೇಗಿದೆ? ಅಕ್ಷರ ದೊಡ್ಡದು ಮಾಡಿ ಬರೆಯುತ್ತಿದ್ದೇನೆ.

ಆ ಅರ್ಜಿಯ ವಿಷಯ ಓದಿ ಅಡುಗೆಮನೆಗೆ ಹೋಗಿ ಅತ್ತೆ. ಸಿಟ್ಟಿನಿಂದಲೇ ಅತ್ತೆ. ಆಮೇಲೆ ಆ ಅರುವತ್ತಮೂರು ಸಹಿ ಒಂದೊಂದಾಗಿ ಓದಿದೆ. ಎಲ್ಲರೂ ನಾನು ಹೇಳಿದೆನೆಂದು ಹಾಕಿದವರು. ಲೀಲಾಕ್ಷಕ್ಕನೂ ಹಾಗೆಯೇ ಹಾಕಿದ್ದು ಎಂದು ಆಗ ತಲೆಗೆ ಹೋಯಿತು.

ಶುಕ್ರವಾರ ಸಭಾಂಗಣ ತುಂಬಿತ್ತು. ನಿಮ್ಮ ಮುಖಪುಟ ಬಾಗಿಲಿನಷ್ಟು ದೊಡ್ಡ ಫ್ಲೆಕ್ಸಿನಲ್ಲಿ. ಆರನ್ ಸರ್‌ಗೆ ಕನ್ನಡ ಬರುವುದಿಲ್ಲ, ಆದರೂ ಕರೆದದ್ದಕ್ಕೆ ಟೈ ಕಟ್ಟಿಕೊಂಡು ಬಂದಿದ್ದರು. ಊಟ ನಮ್ಮ ಕಂಪನಿಯದ್ದೇ, ಹಿಂದೆ ಲೀಲಾಕ್ಷಕ್ಕ ಮತ್ತು ನಾಲ್ಕು ಜನ ಬಡಿಸಲು ತಯಾರಾಗುತ್ತಿದ್ದರು. ಆರು ಪುಟ ಓದಿದೆ. ನನ್ನ ಬಗ್ಗೆ ನೀವು ಬರೆದದ್ದು ಬಂದಾಗ ಚಪ್ಪಾಳೆ ಬಿತ್ತು. ಏಳನೆಯದಕ್ಕೆ ಬಂದೆ. ತಿರುಗಿಸಲು ಬೆರಳು ಹೋದದ್ದು ನಿಜ, ಟೀಚರ್. ಪುಟದ ಮೂಲೆ ಹಿಡಿದೇ ಇದ್ದೆ.

“ಇಲ್ಲಿಂದ ಮುಂದೆ ಓದುವುದಿಲ್ಲ” ಎಂದೆ. “ಒಂದು ದೂರು ಉಂಟು. ದೂರು ನನ್ನ ಮೇಲೆ.”

ಜನ ನಗಲು ಶುರುಮಾಡಿದರು, ಕಾರ್ಯಕ್ರಮದ ಭಾಗವೆಂದು. ನಾನು ಕೀ ತೆಗೆದು ಮೈಕಿನ ಎದುರು ಇಟ್ಟೆ. ಕಪಾಟಿನಲ್ಲಿ ಏನು ಉಂಟು, ಇಂಗ್ಲಿಷ್ ಕಾಗದದಲ್ಲಿ ಏನು ಬರೆದಿತ್ತು, ನಾನು ಅದಕ್ಕೆ ಏನು ಅರ್ಥ ಹೇಳಿದ್ದೆ, ಎಲ್ಲ ಹೇಳಿದೆ. ಹಾಡಿನ ಮೂರು ಸಾಲೂ ಹೇಳಿದೆ. “ಆ ಹಾಡು ಕಟ್ಟಿದವರು ಈ ಗೋಡೆಯ ಹಿಂದೆ ಅನ್ನ ತೆಗೆಯುತ್ತಿದ್ದಾರೆ. ಮಗಳ ಹೆರಿಗೆಗೆ ಹತ್ತು ದಿನ ಉಂಟು. ಇದಕ್ಕೊಂದು ದಾರಿಯಾದ ಮೇಲೆ ಉಳಿದ ನಾಲ್ಕು ಪುಟ ಓದುತ್ತೇನೆ.”

ನಿರೂಪಣೆ ಮಾಡುತ್ತಿದ್ದ ನಮ್ಮ ಆಫೀಸಿನ ರಜತ್ ಹತ್ತಿರ ಬಂದು, “ಅಕ್ಕ, ಪ್ಲೀಸ್, ಮುಂದೆ ಓದಿ” ಎಂದು ಪಿಸುಗುಟ್ಟಿದ. ನಾನು ಅಲ್ಲೇ ನಿಂತೆ. ಎಷ್ಟು ಹೊತ್ತೋ ಗೊತ್ತಿಲ್ಲ, ಐದು ನಿಮಿಷ ಎಂದು ರಮೀಝ್ ಹೇಳುತ್ತಾರೆ. ಆಗ ಕೊನೆಯ ಸಾಲಿನಲ್ಲಿ ಆರನ್ ಸರ್ ಎದ್ದು ನಿಂತರು. ಅವರಿಗೆ ನನ್ನ ಒಂದು ಮಾತೂ ಅರ್ಥವಾಗಿರಲಿಲ್ಲ. ಓದು ನಿಂತದ್ದು ಮಾತ್ರ ಅರ್ಥವಾಗಿತ್ತು. ಕೈ ಕಟ್ಟಿಕೊಂಡು ನಿಂತೇ ಇದ್ದರು. ಆಮೇಲೆ ರಮೀಝ್ ನಿಂತರು, ಆಮೇಲೆ ಫ್ಲೆನ್ಸಿ.

ಹರಿನಾಥ ಸರ್ ಮೊದಲು “ಆಫೀಸಿನ ವಿಷಯ ಆಫೀಸಿನಲ್ಲಿ ಮಾತಾಡುವ” ಎಂದರು. ನಾನು ಕದಲಲಿಲ್ಲ. ಅವರ ಹೆಂಡತಿ ಉಷಾಲತಾ ಮೇಡಂ ಮುಂದಿನ ಸಾಲಿನಿಂದ ಎದ್ದು ಅಡುಗೆಯ ಕಡೆಗೆ ಹೋದರು. “ಡೇಟು ಯಾವಾಗ ಲೀಲಾಕ್ಷಿ?” ಎಂದು ಅವರು ಕೇಳಿದ್ದು ಆ ಮೌನದಲ್ಲಿ ಇಡೀ ಹಾಲಿಗೆ ಕೇಳಿತು. ಸರ್ ಮುಖ ಕೆಂಪಾಯಿತು. ಮೈಕ್ ತೆಗೆದುಕೊಂಡು, “ಬೇಡ ಅಂತ ಯಾರು ಹೇಳಿದ್ದು? ನನ್ನ ಹತ್ತಿರ ಸರಿಯಾಗಿ ಕೇಳಿದ್ದರೆ ಯಾವಾಗಲೋ ಕೊಡುತ್ತಿದ್ದೆ. ಲೀಲಾಕ್ಷಿಗೆ ರಜೆ ಕೊಡಿ, ಭಾನುವಾರ ಎಲ್ಲರಿಗೂ ಪಾಸ್‌ಪೋರ್ಟು ಕೊಡಿ” ಎಂದರು. ಜನ ಎದ್ದು ಅವರಿಗೆ ಚಪ್ಪಾಳೆ ತಟ್ಟಿದರು. ನನಗೆ ತಟ್ಟಿದ್ದಕ್ಕಿಂತ ಜೋರಾಗಿ. ತಟ್ಟಿದರೆ ತಟ್ಟಲಿ ಎಂದುಕೊಂಡು ಉಳಿದ ನಾಲ್ಕು ಪುಟ ಓದಿ ಮುಗಿಸಿದೆ.

ಭಾನುವಾರ ಬೆಳಿಗ್ಗೆ ಕಪಾಟು ತೆಗೆದೆ. ಮೂವತ್ತಮೂರು ಜನ ತೆಗೆದುಕೊಂಡು ಹೋದರು. ಎಂಟು ಜನ, ರೂಮಿಗೆ ಬೀಗವಿಲ್ಲ, ಇಲ್ಲೇ ಇರಲಿ ಎಂದರು. ಅವರ ಹತ್ತಿರ ಹೊಸ ಕಾಗದ ಬರೆಸಿದೆ, ಕನ್ನಡದಲ್ಲಿ, ಮಲಯಾಳದಲ್ಲಿ, ಹಿಂದಿಯಲ್ಲಿ, ಕೇಳಿದ ದಿನವೇ ಹಿಂದೆ ಕೊಡಬೇಕು ಎಂದು. ಲೀಲಾಕ್ಷಕ್ಕ ತಮ್ಮದನ್ನು ತೆಗೆದುಕೊಳ್ಳುವಾಗ ನನ್ನ ಮುಖ ನೋಡಲಿಲ್ಲ. “ತಪ್ಪಾಯಿತು ಅಕ್ಕ” ಎಂದೆ. “ಹ್ಞೂಂ” ಎಂದರು. ಅಷ್ಟೇ. ಅಷ್ಟಕ್ಕೇ ನಾನು ಅರ್ಹಳು.

ಸೋಮವಾರದಿಂದ ನನಗೆ ಆಫೀಸು ಇಲ್ಲ. ಮುಹರ್ರಕ್‌ನ ಅಡುಗೆಮನೆಯ ಸ್ಟೋರ್ ನೋಡಿಕೊಳ್ಳಲು ಹಾಕಿದ್ದಾರೆ, ಅಕ್ಕಿ, ಎಣ್ಣೆ, ನೀರುಳ್ಳಿ. ಕಪಾಟಿನ ಕೀ ರಜತ್ ಕೈಗೆ ಹೋಗಿದೆ. ನಿಮ್ಮ ಪುಸ್ತಕದ ಮಾತನ್ನು ಯಾರೂ ಎತ್ತುವುದಿಲ್ಲ, ಎತ್ತುತ್ತಾರೆ ಎಂದೂ ನನಗೆ ಅನಿಸುವುದಿಲ್ಲ. ನಿಮ್ಮ ಮೊದಲ ಪುಸ್ತಕ ನನ್ನಿಂದ ಹೋಯಿತು. ಜೆರಾಕ್ಸ್ ಮಾಡುವಾಗ ಏಳನೆಯ ಪುಟವನ್ನು ಖಾಲಿಯೇ ಬಿಡಿ.

ಒಂದು ವಿಷಯ ಮಾತ್ರ ನನಗೆ ತಿಳಿಯಲೇಬೇಕು. ನಿನ್ನೆ ಸ್ಟೋರಿನಲ್ಲಿದ್ದಾಗ ಗೋಡೆಯಾಚೆ ಅದೇ ಧಾಟಿ ಕೇಳಿಸಿತು. ಮೂರನೆಯ ಸಾಲಿನ ನಂತರ ಈಗ ನಾಲ್ಕನೆಯದೊಂದು ಉಂಟು. ಮಿಕ್ಸಿಯ ಸದ್ದಿಗೆ ಸರಿಯಾಗಿ ಕೇಳಲಿಲ್ಲ, ನಾನು ಬಾಗಿಲಿಗೆ ಬರುವಾಗ ಹಾಡು ಮುಗಿದಿತ್ತು. ಕೇಳಲು ನನಗೆ ಮುಖವಿಲ್ಲ. ನೀವು ಕೇಳಿ, ಬರೆದು ಕಳುಹಿಸಿ. ಏನೇ ಇದ್ದರೂ ಬಿಡದೆ ಬರೆಯಿರಿ.

ಅದಕ್ಕೆ ದೂರ ಹೋಗಬೇಕಾಗಿಲ್ಲ. ಈ ಪತ್ರ ತಂದವರನ್ನು ಒಳಗೆ ಕರೆದು ಏನಾದರೂ ಕುಡಿಯಲು ಕೊಡಿ, ಹೆಚ್ಚು ಹೊತ್ತು ನಿಲ್ಲಿಸಬೇಡಿ. ಏರ್‌ಪೋರ್ಟಿನಿಂದ ಬೆಳ್ಮಣ್ಣಿಗೆ ಹೋಗುವ ದಾರಿಯಲ್ಲಿ ನನಗಾಗಿ ಸುತ್ತು ಹಾಕಿ ಬಂದಿದ್ದಾರೆ, ರಸ್ತೆಯಲ್ಲಿ ಕಾರು ಕಾಯುತ್ತಿದೆ, ಮನೆಯಲ್ಲಿ ಮಗಳು ಕಾಯುತ್ತಿದ್ದಾಳೆ.

ನಿಮ್ಮ,
ನಝೀಲಾ